ಹಳೇ ಡೆಸ್ಕ್‌ಟಾಪಿಗೆ ಎರಡನೇ ಓಎಸ್ ಹಾಕಿದ್ದು

ಊರಲ್ಲಿ ಅಪ್ಪ ಬಳಸುವ ಕಂಪ್ಯೂಟರ್ 2009ರದ್ದು. ಕೋರ್ 2 ಡ್ಯುಯೊ ಪ್ರೊಸೆಸರ್, 320 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 7. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದು 2020ರ ಜನವರಿಯಲ್ಲೇ ನಿಂತಿತ್ತು. ಆಮೇಲೆ ಬ್ರೌಸರ್‌ಗಳೂ ಒಂದೊಂದಾಗಿ ಕೈಬಿಟ್ಟವು. ಅದರಲ್ಲಿ ಬ್ಯಾಂಕಿನ ಕೆಲಸ ಮಾಡಲು ನನಗೇ ಧೈರ್ಯವಿರಲಿಲ್ಲ. ಹಾಗಂತ ವಿಂಡೋಸ್ ಅಳಿಸುವಂತೆಯೂ ಇಲ್ಲ. ಅಪ್ಪನ ಅಷ್ಟೂ ವರ್ಷದ ಅರ್ಜಿ, ಪತ್ರಗಳೆಲ್ಲ ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದಲ್ಲಿವೆ, ಹಳೇ ಲೇಸರ್ ಪ್ರಿಂಟರ್ ಮಾತು ಕೇಳುವುದೂ ಅದೊಂದರದ್ದೇ. ಹಾಗಾಗಿ ಅದನ್ನು ಇದ್ದಲ್ಲೇ ಬಿಟ್ಟು, ಪಕ್ಕಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕುವುದೆಂದು ಹೊರಟೆ. ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ.

ಇದ್ದದ್ದು 2 ಜಿಬಿ ರ‍್ಯಾಮ್. ಮಿಂಟ್‌ಗೆ ಅದು ಕನಿಷ್ಠ, 4 ಇದ್ದರೆ ನೆಮ್ಮದಿ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಡಿಡಿಆರ್2 ಕಡ್ಡಿ ಎರಡು ಹುಡುಕಿ ತಂದೆ. ಇನ್‌ಸ್ಟಾಲ್ ಮಾಡಲು ಬೇಕಾದ ಪೆನ್‌ಡ್ರೈವ್ ನನ್ನ ಲ್ಯಾಪ್‌ಟಾಪಿನಲ್ಲೇ ತಯಾರಾಯಿತು. ಇಷ್ಟು ಸಲೀಸು.

ಕಷ್ಟ ಶುರುವಾದದ್ದು ಜಾಗ ಮಾಡುವಾಗ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿ ಡ್ರೈವನ್ನು ಕುಗ್ಗಿಸಿ 60 ಜಿಬಿ ಬಿಡಿಸಿಕೊಂಡೆ. ಪೆನ್‌ಡ್ರೈವಿನಿಂದ ಬೂಟ್ ಮಾಡಿ ನೋಡಿದರೆ, ಆ 60 ಜಿಬಿಯ ಎದುರಿಗೆ ಇನ್‌ಸ್ಟಾಲರ್ 'ಬಳಸಲಾಗದು' ಎನ್ನುತ್ತಿದೆ! ಖಾಲಿ ಜಾಗ ಕಣ್ಣೆದುರಿಗಿದೆ, ಮುಟ್ಟಲು ಬರುತ್ತಿಲ್ಲ. ಒಂದು ಸಂಜೆ ಪೂರ್ತಿ ಇದರಲ್ಲೇ ಹೋಯಿತು.

ಕಾರಣ ಆಮೇಲೆ ತಿಳಿಯಿತು. ಆ ಕಾಲದ ಡಿಸ್ಕ್‌ಗಳ ಎಂಬಿಆರ್ ಪಟ್ಟಿಯಲ್ಲಿ (ಡಿಸ್ಕಿನ ಯಾವ ಭಾಗ ಎಲ್ಲಿದೆ ಎಂಬ ಲೆಕ್ಕ) ಪ್ರೈಮರಿ ಪಾರ್ಟಿಷನ್‌ಗೆ, ಅಂದರೆ ಮುಖ್ಯ ಭಾಗಗಳಿಗೆ, ಇರುವುದು ನಾಲ್ಕೇ ಮನೆ. ವಿಂಡೋಸ್ 7 ಹಾಕಿಕೊಟ್ಟವರು ಸೆಟಪ್ ವೇಳೆಯಲ್ಲೇ ಸಿ, ಡಿ, ಇ ಮಾಡಿದ್ದರು. ವಿಂಡೋಸ್ ತಾನಾಗಿ ಮಾಡಿಕೊಂಡ 100 ಎಂಬಿಯ 'ಸಿಸ್ಟಮ್ ರಿಸರ್ವ್ಡ್' ಸೇರಿ ನಾಲ್ಕೂ ಭರ್ತಿ. ಐದನೆಯವನಿಗೆ ಜಾಗವಿದ್ದರೂ ಮನೆ ನಂಬರಿಲ್ಲ. ಅದೇ ಖಾಲಿ ಜಾಗದಲ್ಲಿ ವಿಂಡೋಸಿನಿಂದಲೇ ಪಾರ್ಟಿಷನ್ ಮಾಡಲು ಹೋದರೆ 'ಡಿಸ್ಕನ್ನು ಡೈನಾಮಿಕ್ ಮಾಡಲೇ?' ಎಂದು ಕೇಳುತ್ತದೆ. ಅಲ್ಲಿ 'ಯೆಸ್' ಒತ್ತಬೇಡಿ. ಡೈನಾಮಿಕ್ ಎಂದರೆ ವಿಂಡೋಸಿನದೇ ಬೇರೆ ವ್ಯವಸ್ಥೆ. ಹಾಗಾದ ಡಿಸ್ಕಿನಲ್ಲಿ ಲಿನಕ್ಸ್ ಇನ್‌ಸ್ಟಾಲರ್ ಕೆಲಸ ಮಾಡುವುದಿಲ್ಲ, ಹಿಂದಕ್ಕೆ ತರಲು ಎಲ್ಲವನ್ನೂ ಅಳಿಸಬೇಕಾಗುತ್ತದೆ. ನಾನು ಒತ್ತುವುದರಲ್ಲಿದ್ದೆ, ಕರೆಂಟ್ ಹೋಗಿ ಬಚಾವಾದೆ.

ಇ ಡ್ರೈವಿನ ತುಂಬ ಮದುವೆ, ಗೃಹಪ್ರವೇಶದ ಫೋಟೊ. ಅಷ್ಟನ್ನೂ ಹೊರಗಿನ ಡಿಸ್ಕಿಗೆ ಕಾಪಿ ಮಾಡಿ, ನಾಲ್ಕಾರು ಫೋಟೊ ತೆರೆದು ನೋಡಿ, ಇ ಡ್ರೈವನ್ನು ಅಳಿಸಿದೆ. ಮಳೆಗಾಲವಾದ್ದರಿಂದ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಯೇ ಕೈ ಹಚ್ಚಿದ್ದು. ಪಾರ್ಟಿಷನ್ ಬದಲಾಗುವ ನಡುವೆ ಕರೆಂಟ್ ಹೋದರೆ ಕಥೆ ಮುಗಿದಂತೆ. ಖಾಲಿಯಾದ ನಾಲ್ಕನೇ ಮನೆಯನ್ನು ಪಾರ್ಟಿಷನ್ ಬದಲಿಸುವ ಜಿಪಾರ್ಟೆಡ್ ತಂತ್ರಾಂಶದಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾಡಿದೆ. ಅದರೊಳಗೆ ಲಾಜಿಕಲ್ ಪಾರ್ಟಿಷನ್ ಎಷ್ಟು ಬೇಕಾದರೂ ಮಾಡಬಹುದು. ಮಿಂಟ್‌ಗೆ 40 ಜಿಬಿ, ಸ್ವಾಪ್‌ಗೆ (ರ‍್ಯಾಮ್ ಸಾಲದಾದಾಗ ಬಳಸುವ ಜಾಗ) 4, ಉಳಿದದ್ದು ವಿಂಡೋಸಿನ ಎನ್‌ಟಿಎಫ್‌ಎಸ್ ಮಾದರಿಯಲ್ಲಿ ಮತ್ತೆ ಫೋಟೊಗಳಿಗೇ. ಅದು ಎರಡೂ ಓಎಸ್‌ಗೆ ಕಾಣುತ್ತದೆ.

ಇನ್‌ಸ್ಟಾಲ್ ಅರ್ಧ ಗಂಟೆಯ ಕೆಲಸ. ಆನ್ ಮಾಡಿದಾಗ ಯಾವ ಓಎಸ್ ಬೇಕೆಂದು ಕೇಳುವ ಬೂಟ್ ಲೋಡರ್ ಹೋಗಬೇಕಾದದ್ದು ಹಾರ್ಡ್ ಡಿಸ್ಕಿಗೆ, ಪೆನ್‌ಡ್ರೈವಿಗಲ್ಲ ಎಂಬುದನ್ನು ಮಾತ್ರ ಎರಡು ಸಲ ನೋಡಿಕೊಂಡೆ.

ಮರುದಿನ ಅಪ್ಪನ ಫೋನ್. "ಹನ್ನೊಂದು ಗಂಟೆಗೆ ಇದು ಐದೂವರೆ ತೋರಿಸ್ತಿದೆಯಲ್ಲೋ, ಏನು ಮಾಡಿಟ್ಟೆ?" ಹಳೇ ಬೋರ್ಡು, ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಸತ್ತಿರಬೇಕು ಎಂದು ಸಿಆರ್2032 ಸೆಲ್ ತರಿಸಿ ಹಾಕಿಸಿದೆ. ಮತ್ತದೇ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ ಎಂದು ಹೊಳೆಯಲು ಎರಡು ದಿನ ಬೇಕಾಯಿತು. ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಎಂದು ಓದುತ್ತದೆ. ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಆಜ್ಞೆ ಕೊಟ್ಟು ಲಿನಕ್ಸನ್ನೂ ಸ್ಥಳೀಯ ಸಮಯಕ್ಕೆ ಒಪ್ಪಿಸಿದೆ.

ಕನ್ನಡದ ಚಿಂತೆ ಬೇಗ ಬಗೆಹರಿಯಿತು. ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪಿಸಲು ಬಳಸುವ ಐಬಸ್‌ನಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸವಿದೆ, ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ಅಪ್ಪನ ಬೆರಳಿಗೆ ಒಗ್ಗಿದ ಅದೇ ಕೀಲಿಮಣೆ. ನುಡಿಯ ಫಾಂಟ್ ಕಾಪಿ ಮಾಡಿದ ಮೇಲೆ ಲಿಬ್ರೆ ಆಫೀಸ್‌ನಲ್ಲಿ ಹಳೇ ಪತ್ರಗಳೂ ಓದಲು ಬಂದವು.

ಪ್ರಿಂಟರ್ ಮಾತ್ರ ಮಿಂಟ್‌ಗೆ ಇನ್ನೂ ಒಲಿದಿಲ್ಲ. ಅಪ್ಪ ಇಲ್ಲಿ ಬರೆದದ್ದನ್ನು ಪಿಡಿಎಫ್ ಮಾಡಿ ಫೋಟೊ ಡ್ರೈವಿನಲ್ಲಿಟ್ಟು, ರೀಸ್ಟಾರ್ಟ್ ಮಾಡಿ, ವಿಂಡೋಸಿನಿಂದ ಪ್ರಿಂಟ್ ತೆಗೆಯುತ್ತಾರೆ. ಅಷ್ಟರಲ್ಲಿ ಒಂದು ಕಾಫಿ ಆಗುತ್ತದಂತೆ.