ಸುಡಾನ್‌ನಿಂದ ಬಂದವರು, ಬಾಗಿಲಲ್ಲಿ ಬಡ್ಡಿಯವನು

ದಾವಣಗೆರೆ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯದ ಸಮಾಜ ಕಾರ್ಯಕರ್ತೆ ನಾನು. ಕುಡಿತ, ಖಿನ್ನತೆ, ಮಳೆ ಕೈಕೊಟ್ಟ ವರ್ಷ ವಿಷದ ಬಾಟಲಿ ಹಿಡಿದ ರೈತ, ಹೆರಿಗೆಯಾದ ಮೇಲೆ ಮಂಕಾದ ತಾಯಿ, ಇವೇ ನನ್ನ ದಿನದ ಕೆಲಸ. ಯುದ್ಧ ಕಂಡವರ ಜೊತೆ ಕೂರುವ ಕಾಲ ಬರುತ್ತದೆಂದು ಅಂದುಕೊಂಡವಳಲ್ಲ. 2023ರ ಏಪ್ರಿಲ್‌ನಲ್ಲಿ ಅದೂ ಬಂತು, ಚನ್ನಗಿರಿ ತಾಲೂಕಿನಲ್ಲಿ ಹಕ್ಕಿಪಿಕ್ಕಿ ಜನ ನೆಲೆಸಿರುವ ಕ್ಯಾಂಪ್‌ಗಳಿಗೆ.

ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ಹಿಂದೆ ಹಕ್ಕಿ ಹಿಡಿದು, ಬೇಟೆಯಾಡಿ ಬದುಕುತ್ತಿದ್ದ ಹಕ್ಕಿಪಿಕ್ಕಿ ಜನ ವನ್ಯಜೀವಿ ಕಾನೂನು ಬಿಗಿಯಾದ ಮೇಲೆ ಗಿಡಮೂಲಿಕೆ, ಕೂದಲೆಣ್ಣೆ ಮಾರಾಟಕ್ಕೆ ಇಳಿದರು. ಮಾರುತ್ತಾ ಮಾರುತ್ತಾ ಆಫ್ರಿಕಾ ಮುಟ್ಟಿದರು. ಅಸ್ತಾಪನಹಳ್ಳಿ, ಗೋಪನಾಳ್ ಕಡೆಯಿಂದಲೂ ಶಿವಮೊಗ್ಗ, ಹುಣಸೂರು ಕಡೆಯಿಂದಲೂ ಹೋದವರು ಸುಡಾನ್‌ನ ಎಲ್ ಫಶೇರ್‌ನಲ್ಲಿ ಬಾಡಿಗೆ ಮನೆ ಹಿಡಿದಿದ್ದರು. ಏಪ್ರಿಲ್ 15ರಂದು ಅಲ್ಲಿಯ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಕಾಳಗ ಶುರುವಾಯಿತು. ಇವರು ಅನ್ನ ನೀರಿಲ್ಲದೆ ಮನೆಯೊಳಗೇ ಸಿಕ್ಕಿಬಿದ್ದರು. ಆಮೇಲೆ ಬಸ್ ಮಾಡಿಕೊಂಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಪೋರ್ಟ್ ಸುಡಾನ್, ಅಲ್ಲಿಂದ ಜೆಡ್ಡಾ, ಅಲ್ಲಿಂದ ವಿಮಾನ. ‘ಆಪರೇಷನ್ ಕಾವೇರಿ’ ಹೆಸರಿನಲ್ಲಿ ಭಾರತ ಸರ್ಕಾರ ಒಟ್ಟು 3,862 ಜನರನ್ನು ಹೊರತಂದಿತು. ನಮ್ಮವರೂ ಅದರಲ್ಲಿದ್ದರು.

ನಾನು ಮೊದಲ ಸಲ ಹೋಗುವ ಹೊತ್ತಿಗೆ ಅವರೆಲ್ಲ ತಮ್ಮ ಕಥೆ ಹೇಳಿ ಹೇಳಿ ಸುಸ್ತಾಗಿದ್ದರು. ಟಿವಿಯವರಿಗೆ, ಅಧಿಕಾರಿಗಳಿಗೆ, ಓಟು ಕೇಳಲು ಬಂದವರಿಗೆ. ಒಬ್ಬಾಕೆಗೆ ಮೈಕ್ ಹಿಡಿದವರು ‘ಗುಂಡು ಬಿದ್ದಾಗ ಏನನ್ನಿಸ್ತು?’ ಎಂದು ಮೂರು ಸಲ ಕೇಳಿ, ಆಕೆ ಅತ್ತ ಮೇಲೆ ಹೋದರಂತೆ. ನನ್ನ ಬ್ಯಾಗಿನಲ್ಲೂ ಒಂದು ಪ್ರಶ್ನೆಪಟ್ಟಿ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಆಘಾತ ಕಂಡವರನ್ನು ಕೂರಿಸಿಕೊಂಡು ನಡೆದದ್ದನ್ನೆಲ್ಲ ಒಂದೇ ಸಲ ಕಕ್ಕಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆ ಒಂದು ಕಾಲಕ್ಕೆ ನಮ್ಮ ವೃತ್ತಿಯಲ್ಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಅದನ್ನು ಮಾಡಬೇಡಿ ಎಂದೇ ಹೇಳಿದೆ. ಮಾಡಬೇಕಾದ್ದು ಮೂರು: ನೋಡುವುದು, ಕೇಳಿಸಿಕೊಳ್ಳುವುದು, ಬೇಕಾದ ಕಡೆಗೆ ಜೋಡಿಸುವುದು. ಓದುವಾಗ ಇದು ಬಹಳ ಸಪ್ಪೆ ಎನಿಸಿತ್ತು. ಕ್ಯಾಂಪ್‌ನಲ್ಲಿ ಕೂತಾಗ ಇಡೀ ದಿನಕ್ಕೆ ಇಷ್ಟೇ ಸಾಕಾಗುತ್ತಿತ್ತು.

ಮನೆಯಲ್ಲಿ ಯಾರು ಊಟ ಮಾಡ್ತಿಲ್ಲ, ಯಾರಿಗೆ ನಿದ್ದೆ ಇಲ್ಲ, ರೇಷನ್ ಬಂತಾ, ಬಿಪಿ ಮಾತ್ರೆ ಮುಗಿದಿದೆಯಾ. ಇಷ್ಟು ವಿಚಾರಿಸಿಕೊಂಡು ಕೂತರೆ ಉಳಿದದ್ದು ತಾನಾಗಿ ಬರುತ್ತಿತ್ತು, ಬರದಿದ್ದರೆ ಬೇಡ. ತಮ್ಮೊಳಗೆ ತಮ್ಮ ವಾಗ್ರಿ ಭಾಷೆಯಲ್ಲಿ ಮಾತಾಡಿಕೊಂಡು ಆಮೇಲೆ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. ಆ ನಡುವಿನ ಮಾತಿಗೆ ನಾನು ಅಡ್ಡ ಬಾಯಿ ಹಾಕುತ್ತಿರಲಿಲ್ಲ.

ಮೇ 13, ವಿಧಾನಸಭೆ ಚುನಾವಣೆಯ ಫಲಿತಾಂಶ. ಮಧ್ಯಾಹ್ನದಿಂದಲೇ ಪಟಾಕಿ. ನಾನು ಕೂತಿದ್ದ ಮನೆಯಲ್ಲಿ ಒಬ್ಬ ಮೂವತ್ತರ ಆಸುಪಾಸಿನ ಗಂಡಸು ಟೀ ಲೋಟ ಹಿಡಿದಿದ್ದವನು ಲೋಟ ಬಿಟ್ಟು ಗೋಡೆ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ, ಎರಡೂ ಕೈ ತಲೆ ಮೇಲೆ. ಅವನ ಪುಟ್ಟ ಮಗಳು ಅಪ್ಪ ಆಟ ಆಡ್ತಿದ್ದಾನೆ ಅಂತ ನಕ್ಕಳು. ಹೆಂಡತಿ ನನ್ನ ಮುಖ ನೋಡಿದಳು. ‘ಇದು ಅಸ್ತಾಪನಹಳ್ಳಿ, ಇದು ಸರದ ಪಟಾಕಿ, ಗೆದ್ದವರ ಹುಡುಗರು ಹಚ್ತಿದಾರೆ’ ಅಂತ ನಿಧಾನಕ್ಕೆ ಹೇಳುತ್ತಾ ನಾನೂ ಅವನ ಪಕ್ಕ ನೆಲಕ್ಕೆ ಕೂತೆ. ಮುಟ್ಟಲಿಲ್ಲ. ಉಸಿರು ಸರಿಹೋಗಲು ಹೊತ್ತು ಹಿಡಿಯಿತು. ಆಮೇಲೆ ಅವನಿಗೆ ಆದದ್ದು ನಾಚಿಕೆ. ‘ಹೆಂಗಸರ ಥರಾ ಹೆದರಿಬಿಟ್ಟೆ’ ಎಂದ. ಗುಂಡಿನ ಸದ್ದಿಗೆ ಬಗ್ಗಿದವರು ಬದುಕಿ ಬಂದಿದ್ದಾರೆ, ನಿಮ್ಮ ಮೈ ಆ ಪಾಠ ಇನ್ನೂ ಮರೆತಿಲ್ಲ, ಕೆಲವು ವಾರದಲ್ಲಿ ಸಾಮಾನ್ಯವಾಗಿ ತಾನೇ ಇಳಿಯುತ್ತೆ ಅಂದೆ. ಹೆಚ್ಚಿನವರಿಗೆ ಇಳಿಯಿತು ಕೂಡ. ಅವತ್ತು ಸಂಜೆ ಕ್ಯಾಂಪ್‌ನ ಹಿರಿಯರಾದ ಯಜಮಾನರ ಜೊತೆ ಒಂದು ಒಪ್ಪಂದ: ಹತ್ತಿರದಲ್ಲಿ ಮದುವೆಯೋ ಜಾತ್ರೆಯೋ ಇದ್ದರೆ ಪಟಾಕಿ ಎಷ್ಟು ಹೊತ್ತಿಗೆ ಅನ್ನುವುದನ್ನು ಮೊದಲೇ ಮನೆಮನೆಗೆ ತಿಳಿಸುವುದು. ಸದ್ದು ನಿಲ್ಲಿಸೋಕೆ ನಮ್ಮ ಕೈಲಾಗಲ್ಲ, ಯಾವಾಗ ಅಂತ ಹೇಳಬಹುದು. ದೀಪಾವಳಿಗೆ ಇದು ಚೆನ್ನಾಗಿ ನಡೆಯಿತು.

ಗಾಬರಿ ಬಂದಾಗ ‘ಕಣ್ಣಿಗೆ ಕಾಣುವ ಐದು ವಸ್ತು ಹೆಸರಿಸಿ’ ಎನ್ನುವ ಅಭ್ಯಾಸವನ್ನು ನಮಗೆ ತರಬೇತಿಯಲ್ಲಿ ಕಲಿಸಿದ್ದರು. ಇಲ್ಲಿ ಹೆಂಗಸರು ಅದಕ್ಕೆ ನಕ್ಕರು. ಒಬ್ಬ ಅಜ್ಜಿ ಎಣ್ಣೆ ಕಾಯಿಸುತ್ತಿದ್ದ ಬಾಣಲೆ ಹತ್ತಿರ ಕರೆದು, ಒಂದೊಂದೇ ಬೇರು, ಎಲೆ ಎತ್ತಿ ಮೂಗಿಗೆ ಹಿಡಿದು ಹೆಸರು ಹೇಳಿಸಿದಳು. ಕೆಲಸ ಅದೇ, ದಾರಿ ಅವರದು. ಆಮೇಲಿಂದ ನಾನೂ ಅದನ್ನೇ ಹೇಳಿಕೊಟ್ಟೆ. ಹೊರಗೆ ಹೋಗುವಾಗ ಸೆರಗಿನ ತುದಿಗೆ ಒಂದು ಬೇರಿನ ಚೂರು ಕಟ್ಟಿಕೊಳ್ಳುವವರೂ ಇದ್ದರು.

ಗಂಡಸರದ್ದು ಬೇರೆ ಪಾಡು. ರಾತ್ರಿ ನಿದ್ದೆ ಬರಲಿ ಅಂತ ಕ್ವಾರ್ಟರ್, ಅದೂ ಸಾಲದಾದಾಗ ಯಾರೋ ಹೇಳಿದ ನಿದ್ದೆ ಮಾತ್ರೆ ಚೀಟಿ ಇಲ್ಲದೆ. ಆಘಾತವಾದ ಮೊದಲ ತಿಂಗಳಲ್ಲಿ ಆ ಜಾತಿಯ ಮಾತ್ರೆ ಕೊಡಬಾರದು ಎಂಬುದು ಅದೇ ಮಾರ್ಗಸೂಚಿಯ ಮಾತು. ಮಾತ್ರೆ ಬಿಡಿ ಅಂತ ಭಾಷಣ ಮಾಡಿ ಪ್ರಯೋಜನವಿರಲಿಲ್ಲ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್‌ಗೆ ನಾನೇ ಜೊತೆಗೆ ಹೋದೆ. ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಯಾರ ಜೊತೆಗೂ ಸೇರದಿರುವುದು ಕಡಿಮೆಯಾಗದವರನ್ನು ಮನೋವೈದ್ಯರು ನೋಡಲೇಬೇಕು. ಅಂಥವರು ಕೆಲವರೇ. ಸಂಘರ್ಷ ಕಂಡ ಪ್ರದೇಶದ ಜನರಲ್ಲಿ ಐವರಲ್ಲಿ ಒಬ್ಬರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಉಳಿದ ನಾಲ್ವರಿಗೆ ಏನು ಬೇಕು ಅನ್ನುವುದನ್ನು ನನಗೆ ಕಲಿಸಿದ್ದು ಈ ಕ್ಯಾಂಪ್.

ಅವರಿಗೆ ಬೇಕಿದ್ದದ್ದು ಬಡ್ಡಿಯಿಂದ ಬಿಡುವು. ವಿಮಾನದ ಟಿಕೆಟ್‌ಗೆ, ಸರಕಿಗೆ ನೂರಕ್ಕೆ ಐದರಂತೆ ತಿಂಗಳ ಬಡ್ಡಿಗೆ ಸಾಲ ತಂದಿದ್ದರು. ಸರಕು ಎಲ್ ಫಶೇರ್‌ನಲ್ಲೇ ಉಳಿಯಿತು. ಪಟಾಕಿಗೆ ಬೆಚ್ಚಿದ ಅದೇ ಗಂಡಸು ಒಂದು ದಿನ ಹೇಳಿದ: ‘ಗುಂಡಿನ ಕನಸು ವಾರಕ್ಕೊಂದು ಸಲ ಬೀಳುತ್ತೆ ಮೇಡಂ. ಬಡ್ಡಿಯವನು ದಿನಾ ಬರ್ತಾನೆ.’ ಇದನ್ನು ಕೇಳಿದ ಮೇಲೆ ಮನಸ್ಸು ಬೇರೆ, ದುಡ್ಡು ಬೇರೆ ಅಂತ ಕೂರುವುದು ನನ್ನಿಂದಾಗಲಿಲ್ಲ. ಇದು ನಮ್ಮ ಕೆಲಸವಲ್ಲ ಎಂದ ಸಹೋದ್ಯೋಗಿಗಳಿದ್ದರು. ಅವರ ಮಾತು ನಾನು ಈಗಲೂ ಒಪ್ಪಲ್ಲ.

ಒಂದು ನೋಟ್‌ಬುಕ್ ತಂದು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಬರೆಯಲು ಶುರು ಮಾಡಿದೆವು. ಯಾರಿಗೆ, ಎಷ್ಟು ಅಸಲು, ಎಷ್ಟು ಬಡ್ಡಿ ಹೋಗಿದೆ. ಎಷ್ಟೋ ಮನೆಯಲ್ಲಿ ಹೆಂಡತಿಗೆ ಗೊತ್ತಿಲ್ಲದ ಸಾಲ ಇಲ್ಲಿ ಹೊರಬಿತ್ತು, ಜಗಳವೂ ಆಯ್ತು. ಆದರೆ ಒಟ್ಟು ಮೊತ್ತ ಕಾಗದದ ಮೇಲೆ ಬಂದ ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಂದವರು ಒಬ್ಬರಲ್ಲ. ತಲೆಯಲ್ಲಿದ್ದಾಗ ಅದಕ್ಕೆ ಲೆಕ್ಕವೇ ಇರಲಿಲ್ಲ. ಆಮೇಲೆ ಅದನ್ನು ವಿಂಗಡಿಸಿದೆವು: ಈಗಲೇ ಏನಾದರೂ ಮಾಡಬಹುದಾದದ್ದು, ಕಾಯಬೇಕಾದದ್ದು, ನಮ್ಮ ಕೈಯಲ್ಲಿ ಇಲ್ಲದ್ದು. ಬಡ್ಡಿಯವರ ಜೊತೆ ಮಾತಾಡಲು ಯಜಮಾನರೇ ಹೋದರು, ಕೆಲವರು ಬಡ್ಡಿ ನಿಲ್ಲಿಸಿ ಅಸಲಿಗೆ ಒಪ್ಪಿದರು, ಕೆಲವರು ಒಪ್ಪಲಿಲ್ಲ. ಪರಿಶಿಷ್ಟ ಪಂಗಡದವರಿಗಾಗಿ ಇರುವ ವಾಲ್ಮೀಕಿ ಅಭಿವೃದ್ಧಿ ನಿಗಮದ ಸಾಲಕ್ಕೆ ಅರ್ಜಿ ತುಂಬಿಸಿದೆ. ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್‌ನ ಹೆಸರು ಒಂದಕ್ಕೊಂದು ಹೊಂದಿಸುವುದರಲ್ಲೇ ವಾರಗಳು ಹೋದವು.

ಮಕ್ಕಳ ಬಗ್ಗೆ ಒಂದು ಮಾತು. ಅಜ್ಜಿ ತಾತನ ಜೊತೆ ಊರಲ್ಲೇ ಉಳಿದ ಮಕ್ಕಳು ವಿಡಿಯೊ ಕಾಲ್‌ನಲ್ಲಿ ಗುಂಡಿನ ಸದ್ದು ಕೇಳಿದ್ದರು. ಸುಡಾನ್ ನೋಡದಿದ್ದರೂ ಅಪ್ಪ ಅಮ್ಮ ಸಂತೆಗೆ ಹೋದರೂ ಅಳುತ್ತಿದ್ದವು. ಶಾಲೆ ಶುರುವಾಗುವ ಮೊದಲೇ ಟೀಚರ್‌ಗೆ ಹೇಳಿದೆವು. ದಿನಾ ಅದೇ ಹೊತ್ತಿಗೆ ಬಿಡುವುದು, ಅದೇ ಹೊತ್ತಿಗೆ ಕರೆತರುವುದು. ಬೇರೇನೂ ಮಾಡಬೇಕಾಗಲಿಲ್ಲ.

2025ರ ಅಕ್ಟೋಬರ್‌ನಲ್ಲಿ ಎಲ್ ಫಶೇರ್ ಆರ್‌ಎಸ್‌ಎಫ್ ಕೈಗೆ ಬಿತ್ತು. ಹೆಣಗಳ ವಿಡಿಯೊ ವಾಟ್ಸಾಪ್‌ನಲ್ಲಿ ಹರಿದಾಡಿ, ಸುಮ್ಮನಾಗಿದ್ದವರಿಗೂ ನಿದ್ದೆ ಕೆಟ್ಟಿತು. ತಾವು ಎಣ್ಣೆ ಮಾರಿದ ಬೀದಿ, ಸಾಲವಾಗಿ ರೊಟ್ಟಿ ಕೊಟ್ಟ ಅಂಗಡಿಯವನು. ಅವನ ಸುದ್ದಿ ಕೇಳಲು ಯಾರನ್ನು ಹಿಡಿಯುವುದು? ವಿಡಿಯೊ ತೆರೆಯಬೇಡಿ, ಮುಂದಕ್ಕೆ ಕಳಿಸಬೇಡಿ ಎಂದೆ. ರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಎಂದು ಮತ್ತೆ ನೆನಪಿಸಿದೆ.

ಇಷ್ಟಾದರೂ ಹಲವರು ಮತ್ತೆ ಬೇರೆ ಆಫ್ರಿಕಾ ದೇಶಗಳಿಗೆ ಹೋಗಿದ್ದಾರೆ. ಹೋಗಬೇಡಿ ಅನ್ನಲು ನನಗೇನು ಹಕ್ಕು, ಸಾಲ ತೀರಿಸಿದ್ದೂ ಅದೇ ವ್ಯಾಪಾರ. ಈಗ ಹೊರಡುವವರ ಜೊತೆ ಒಂದು ಮಧ್ಯಾಹ್ನ ಕೂರುತ್ತೇನೆ. ಪಾಸ್‌ಪೋರ್ಟ್ ಜೆರಾಕ್ಸ್ ಯಜಮಾನರ ಬಳಿ, ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರ್ ಕಾಗದದಲ್ಲೂ ಫೋನ್‌ನಲ್ಲೂ, ಗಲಾಟೆಯಾದರೆ ಮನೆಗೆ ದಿನಕ್ಕೆ ಒಂದೇ ಕರೆ, ಅದು ಯಾವ ಹೊತ್ತಿಗೆ ಎಂಬ ಮಾತು. ಹಳದಿ ಜ್ವರದ ಲಸಿಕೆ ಕಾರ್ಡ್ ವಿಷಯ ನಾನು ಎತ್ತಬೇಕಾಗಿಲ್ಲ. 2023ರಲ್ಲಿ ಅದಿಲ್ಲದವರನ್ನು ಬೆಂಗಳೂರಿನಲ್ಲಿ ಪ್ರತ್ಯೇಕ ಇರಿಸಿದ್ದು ಕ್ಯಾಂಪ್‌ಗೆಲ್ಲ ಗೊತ್ತು. ‘ಹೊರಡೋಕೆ ಹತ್ತು ದಿನ ಮೊದಲೇ ಹಾಕಿಸಿರಬೇಕು ಮೇಡಂ, ಬರ್ಕೊಳ್ಳಿ’ ಎಂದು ಅವರೇ ನನಗೆ ಹೇಳುತ್ತಾರೆ.