ಮಕ್ಕಳು ನೋಡುವ ಸಿನಿಮಾ: ಸರ್ಕಾರಿ ಶಾಲೆ ಪೋಷಕರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು

ಮನೆಯಲ್ಲಿ ಮಗು ಯಾವ ಸಿನಿಮಾ ನೋಡಬೇಕೆಂದು ತೀರ್ಮಾನಿಸುವವರು ತಂದೆತಾಯಿ. ಇದರಲ್ಲಿ ಎರಡು ಮಾತಿಲ್ಲ. ಮಕ್ಕಳ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 1989ರ ಒಡಂಬಡಿಕೆಯೂ ತನ್ನ 5ನೆಯ ವಿಧಿಯಲ್ಲಿ, ಮಗುವಿನ ಬೆಳವಣಿಗೆಗೆ ತಕ್ಕಂತೆ ಅದಕ್ಕೆ ದಾರಿ ತೋರುವ ಹೊಣೆ ಮತ್ತು ಹಕ್ಕು ಪೋಷಕರದೆಂದು ಒಪ್ಪಿ, ಸರ್ಕಾರಗಳು ಅದನ್ನು ಗೌರವಿಸಬೇಕೆನ್ನುತ್ತದೆ. ಅದೇ ಒಡಂಬಡಿಕೆಯ 17ನೆಯ ವಿಧಿಯಾದರೋ, ಮಕ್ಕಳಿಗೆ ಕೆಡುಕು ಮಾಡುವ ಸಾಮಗ್ರಿಯಿಂದ ಅವರನ್ನು ಕಾಪಾಡಲು ತಕ್ಕ ಮಾರ್ಗಸೂಚಿಗಳು ರೂಪುಗೊಳ್ಳುವಂತೆ ಉತ್ತೇಜನ ನೀಡಬೇಕೆಂದು ಸರ್ಕಾರಗಳಿಗೇ ಹೇಳುತ್ತದೆ. ಸರ್ಕಾರಿ ಶಾಲೆಯ ಸ್ಥಾನ ಈ ಎರಡು ವಿಧಿಗಳ ನಡುವೆ ಇದೆ. ಅದು ಪೋಷಕರಿಗೆ ಸಲಹೆ ನೀಡಬೇಕೆಂದೇ ನನ್ನ ಅಭಿಪ್ರಾಯ. ಆದರೆ ಆ ಸಲಹೆ ಮಾಹಿತಿಯ ರೂಪದಲ್ಲಿರಬೇಕೇ ಹೊರತು ತೀರ್ಪಿನ ರೂಪದಲ್ಲಿ ಅಲ್ಲ. ಅಂಥ ಸಲಹೆಯನ್ನು ಸಿದ್ಧಪಡಿಸುವ ಮುಖ್ಯೋಪಾಧ್ಯಾಯರಿಗೂ ಶಿಕ್ಷಕರಿಗೂ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಶಾಲೆಯೇ ತೋರಿಸುವ ಸಿನಿಮಾವನ್ನೂ ಮನೆಯಲ್ಲಿ ನೋಡುವ ಸಿನಿಮಾವನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳಿ. ತರಗತಿಯಲ್ಲಿ ತೋರಿಸುವ ಚಿತ್ರದ ಪೂರ್ಣ ಹೊಣೆ ಶಾಲೆಯದು. ಅದನ್ನು ಶಿಕ್ಷಕರೊಬ್ಬರು ಮುಂಚಿತವಾಗಿ ಕೊನೆಯವರೆಗೂ ನೋಡಿರಬೇಕು. ಯಾವ ಚಿತ್ರ, ಯಾವ ಪಾಠಕ್ಕಾಗಿ, ಅದಕ್ಕೆ ಯಾವ ಪ್ರಮಾಣಪತ್ರ ದೊರೆತಿದೆ ಎಂಬುದನ್ನು ಪೋಷಕರಿಗೆ ಮೊದಲೇ ತಿಳಿಸಬೇಕು. ಬೇಡವೆಂದವರ ಮಗುವಿಗೆ ಮುಜುಗರವಾಗದ ಹಾಗೆ ಬೇರೆ ಕೆಲಸ ಕೊಡಬೇಕು. ಈ ಶಿಸ್ತನ್ನು ತಾನೇ ಪಾಲಿಸದ ಶಾಲೆ ಮನೆಗಳಿಗೆ ಬುದ್ಧಿ ಹೇಳಹೊರಟರೆ ಪೋಷಕರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಮನೆಯಲ್ಲಿ ನೋಡುವ ಚಿತ್ರದ ವಿಷಯದಲ್ಲಿ ಶಾಲೆಗೆ ಅಪ್ಪಣೆ ಕೊಡುವ ಅಧಿಕಾರವಿಲ್ಲ. ತನಗೆ ಕಂಡದ್ದನ್ನು ಹೇಳುವ ಅವಕಾಶವಷ್ಟೇ ಇದೆ.

ಆ ಅವಕಾಶ ಕಡಿಮೆಯದೇನಲ್ಲ. ದೆವ್ವದ ಸಿನಿಮಾ ನೋಡಿ ಬಂದ ಎರಡನೆಯ ತರಗತಿಯ ಹುಡುಗಿ ಶೌಚಾಲಯಕ್ಕೆ ಒಬ್ಬಳೇ ಹೋಗಲು ಒಪ್ಪುವುದಿಲ್ಲ; ಗೆಳತಿಯನ್ನು ಬಾಗಿಲ ಹೊರಗೆ ನಿಲ್ಲಿಸಿ, ಒಳಗಿನಿಂದ ನಿಮಿಷಕ್ಕೊಮ್ಮೆ ಅವಳ ಹೆಸರು ಹಿಡಿದು ಕೂಗಿ, ಉತ್ತರ ಬಂದ ಮೇಲೆಯೇ ನೆಮ್ಮದಿಯಾಗುತ್ತಾಳೆ. ಹೊಡೆದಾಟದ ದೃಶ್ಯವನ್ನು ಮೆಚ್ಚಿಕೊಂಡ ಹುಡುಗರು ಬಿಡುವಿನ ವೇಳೆಯಲ್ಲಿ ಅದನ್ನೇ ಆಡಿ, ಒಬ್ಬನಿಗೆ ನಿಜವಾಗಿಯೇ ಪೆಟ್ಟಾಗುತ್ತದೆ. ಪೋಷಕರಿಗೆ ಇವು ಕಾಣುವುದಿಲ್ಲ; ಶಿಕ್ಷಕರಿಗೆ ಕಾಣುತ್ತವೆ. ಸಲಹೆ ಇಲ್ಲಿಂದಲೇ, ಅಂದರೆ ಕಣ್ಣಾರೆ ಕಂಡ ವರ್ತನೆಯಿಂದ ಹೊರಡಬೇಕು. ಚಿತ್ರದ ಬಗೆಗಿನ ಶಿಕ್ಷಕರ ರುಚಿ ಅರುಚಿಗಳು ಅದಕ್ಕೆ ಆಧಾರವಾಗಬಾರದು.

ಸಲಹೆ ಬರೆಯುವವರು ಪ್ರಮಾಣಪತ್ರಗಳನ್ನು ಸರಿಯಾಗಿ ಅರಿತಿರಬೇಕು. ಭಾರತದಲ್ಲಿ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ನೀಡಲಾಗುತ್ತದೆ. 1983ರಲ್ಲಿ ಬಂದ, ಪೋಷಕರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ‘ಯುಎ’ ವರ್ಗವನ್ನು 2023ರ ತಿದ್ದುಪಡಿ ವಯಸ್ಸಿಗೆ ತಕ್ಕಂತೆ 7+, 13+, 16+ ಎಂದು ಮೂರಾಗಿ ಒಡೆಯಿತು. ‘ಎ’ ಚಿತ್ರಕ್ಕೆ 18 ತುಂಬದವರನ್ನು ಚಿತ್ರಮಂದಿರದೊಳಗೆ ಬಿಡುವಂತಿಲ್ಲ. ‘ಯುಎ’ಯ ಅಂಕಿಗಳಾದರೋ ಪೋಷಕರ ಯೋಚನೆಗೆ ಬಿಟ್ಟ ಸೂಚನೆಗಳು. ಅಮೆರಿಕದಲ್ಲಿ 1968ರಲ್ಲಿ ಚಿತ್ರೋದ್ಯಮವೇ ಶ್ರೇಣೀಕರಣವನ್ನು ಆರಂಭಿಸಿತು. ಪೋಷಕರ ಮಾರ್ಗದರ್ಶನ ಸಾಕೆಂದು ಗುರುತಿಸಿದ್ದ ಕೆಲವು ಚಿತ್ರಗಳೇ ಚಿಕ್ಕ ಮಕ್ಕಳಿಗೆ ತೀರ ಭಯಾನಕವೆಂಬ ದೂರು ಬಂದ ಮೇಲೆ, 1984ರಲ್ಲಿ ‘ಪಿಜಿ-13’ ಎಂಬ ನಡುವಿನ ವರ್ಗ ಸೇರಿತು. ಬ್ರಿಟನ್ನಿನಲ್ಲಿ 2002ರಿಂದ ಇರುವ ‘12ಎ’ ವರ್ಗದ ಚಿತ್ರಕ್ಕೆ ಹನ್ನೆರಡು ತುಂಬದ ಮಕ್ಕಳು ದೊಡ್ಡವರ ಜೊತೆಯಲ್ಲಿ ಮಾತ್ರ ಹೋಗಬಹುದು. ಒಂದೇ ಚಿತ್ರಕ್ಕೆ ಬೇರೆಬೇರೆ ದೇಶಗಳಲ್ಲಿ ಬೇರೆಬೇರೆ ವಯಸ್ಸು ನಮೂದಾಗುವುದುಂಟು. ಪ್ರಮಾಣಪತ್ರ ಚಿತ್ರದಲ್ಲಿ ಹಿಂಸೆ, ಲೈಂಗಿಕತೆ, ಬೈಗುಳ, ಮಾದಕವಸ್ತು ಎಷ್ಟರಮಟ್ಟಿಗೆ ಇವೆ ಎಂಬುದನ್ನು ಹೇಳುತ್ತದೆ. ನಿಮ್ಮ ಮನೆಯ ಮಗು ಯಾವುದಕ್ಕೆ ಬೆಚ್ಚುತ್ತದೆ ಎಂಬುದು ಅದಕ್ಕೆ ತಿಳಿದಿರಲು ಸಾಧ್ಯವಿಲ್ಲ. ಈ ಮಾತನ್ನು ಪೋಷಕರಿಗೆ ಕಳುಹಿಸುವ ಪತ್ರದಲ್ಲಿ ತಪ್ಪದೆ ಸೇರಿಸಿ.

ಪತ್ರದಲ್ಲಿ ಹೆಚ್ಚು ಜಾಗ ಸಲ್ಲಬೇಕಾದದ್ದು ವಯಸ್ಸಿಗೂ ಭಯಕ್ಕೂ ಇರುವ ಸಂಬಂಧಕ್ಕೆ, ಏಕೆಂದರೆ ಪೋಷಕರಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇದೇ. ಸುಮಾರು ಏಳೆಂಟು ವರ್ಷದೊಳಗಿನ ಮಕ್ಕಳನ್ನು ಮುಖ್ಯವಾಗಿ ಹೆದರಿಸುವುದು ಕಣ್ಣಿಗೆ ಕಾಣುವ ರೂಪ: ವಿಕಾರವಾದ ಮುಖ, ನೋಡನೋಡುತ್ತ ಬೇರೊಂದಾಗಿ ಮಾರ್ಪಡುವ ಮನುಷ್ಯ, ಇದ್ದಕ್ಕಿದ್ದಂತೆ ಎದ್ದು ಬರುವ ಪ್ರಾಣಿ. ಆ ಪಾತ್ರ ಒಳ್ಳೆಯದೆಂದು ಕಥೆ ಹೇಳಿದರೂ ರೂಪ ಭಯಂಕರವಾಗಿದ್ದರೆ ಮಗು ಹೆದರುತ್ತದೆ. ಈ ವಯಸ್ಸಿನಲ್ಲಿ “ಅದೆಲ್ಲ ಸುಳ್ಳು, ಬರೀ ಸಿನಿಮಾ” ಎಂಬ ಸಮಾಧಾನ ಹೆಚ್ಚು ಕೆಲಸ ಮಾಡುವುದಿಲ್ಲ. ಪರದೆಯನ್ನು ಆರಿಸುವುದು, ಮಗುವನ್ನು ಹತ್ತಿರ ಕೂರಿಸಿಕೊಳ್ಳುವುದು, ಇಷ್ಟದ ಆಟಿಕೆಯನ್ನು ಕೈಗೆ ಕೊಡುವುದು ಹೆಚ್ಚು ನೆರವಾಗುತ್ತದೆ. ಒಂಬತ್ತು ಹತ್ತರ ನಂತರ ಭಯದ ಸ್ವರೂಪ ಬದಲಾಗುತ್ತದೆ. ರಾಕ್ಷಸನಿಗೆ ನಗುವ ಮಗು, ಅಪಹರಣವಾದ ಹುಡುಗನ ಅಥವಾ ತಾಯಿ ತೀರಿಕೊಳ್ಳುವ ಕಥೆಗೆ ರಾತ್ರಿಯೆಲ್ಲ ನಿದ್ದೆಗೆಡಬಹುದು, ಏಕೆಂದರೆ ಅದು ತನ್ನ ಮನೆಯಲ್ಲೂ ನಡೆಯಬಹುದೆಂದು ಊಹಿಸುವಷ್ಟು ಅದರ ಬುದ್ಧಿ ಬೆಳೆದಿರುತ್ತದೆ. ಈ ಮಕ್ಕಳ ಜೊತೆ ಮಾತಾಡಬಹುದು, ಕಾರಣ ಹೇಳಬಹುದು, ಅದು ನಾಟುತ್ತದೆ. ಒಂದೇ ಸೂರಿನಡಿ ಐದು ವರ್ಷದ ತಂಗಿ, ಹನ್ನೊಂದು ವರ್ಷದ ಅಣ್ಣ ಇರುವ ಮನೆಗಳಲ್ಲಿ ಅಣ್ಣನಿಗಾಗಿ ಹಾಕಿದ ಚಿತ್ರವನ್ನು ತಂಗಿಯೂ ಪಕ್ಕದಲ್ಲಿ ಕುಳಿತು ನೋಡುತ್ತಾಳೆ. ಇಂಥ ಮನೆಗಳಿಗೆಂದೇ ಒಂದು ಸಾಲು ಬರೆಯಿರಿ.

ಇನ್ನು ಪತ್ರದ ಭಾಷೆ. “ಇಂಥ ಚಿತ್ರಗಳನ್ನು ಮಕ್ಕಳಿಗೆ ತೋರಿಸಕೂಡದು” ಎಂಬ ಒಂದು ವಾಕ್ಯ ಸಾಕು, ಪತ್ರ ಕಸದ ಬುಟ್ಟಿಗೆ ಸೇರುತ್ತದೆ. ಅದರ ಬದಲು ಹೀಗೆ ಬರೆಯಬಹುದು: “ಒಂದು ಮತ್ತು ಎರಡನೆಯ ತರಗತಿಯ ಕೆಲವು ಮಕ್ಕಳು ಈಚೆಗೆ ಭಯಾನಕ ದೃಶ್ಯಗಳ ಬಗ್ಗೆ ಹೆಚ್ಚು ಮಾತನಾಡುತ್ತಿದ್ದಾರೆ, ಒಬ್ಬರೇ ಇರಲು ಹಿಂಜರಿಯುತ್ತಿದ್ದಾರೆ. ಚಿತ್ರ ಹಾಕುವ ಮೊದಲು ಅದರ ಪ್ರಮಾಣಪತ್ರವನ್ನು ನೋಡುವುದು, ಸಾಧ್ಯವಾದರೆ ಮೊದಲ ಅರ್ಧ ಗಂಟೆಯನ್ನು ನೀವೇ ನೋಡುವುದು, ಮಗುವಿನ ಜೊತೆ ಕುಳಿತುಕೊಳ್ಳುವುದು ಉಪಯುಕ್ತ. ಯಾವ ಚಿತ್ರ ಸೂಕ್ತ ಎಂಬ ತೀರ್ಮಾನ ನಿಮ್ಮದು.” ಕೊನೆಯ ವಾಕ್ಯವನ್ನು ಔಪಚಾರಿಕವೆಂದು ಕೈಬಿಡಬೇಡಿ, ಶಾಲೆ ತನ್ನ ಎಲ್ಲೆಯನ್ನು ಅರಿತಿದೆಯೆಂದು ಪೋಷಕರಿಗೆ ತೋರಿಸುವ ವಾಕ್ಯ ಅದೇ. ಪತ್ರ ಒಂದು ಪುಟ ಮೀರದಿರಲಿ. ಓದಲು ಬಾರದ ಪೋಷಕರಿಗೆ ಸಭೆಯಲ್ಲಿ ಅದನ್ನೇ ಬಾಯಿಮಾತಿನಲ್ಲಿ ಹೇಳಿ. ಅಂತರ್ಜಾಲದ ವೀಕ್ಷಣಾ ವೇದಿಕೆಗಳಲ್ಲಿ (ಒಟಿಟಿ) ಮಕ್ಕಳಿಗೆಂದು ಪ್ರತ್ಯೇಕ ಖಾತೆ ತೆರೆಯುವುದನ್ನೂ ಗುಪ್ತಸಂಖ್ಯೆಯ ಬೀಗ ಹಾಕುವುದನ್ನೂ ಆ ಸಭೆಯಲ್ಲಿ ಫೋನಿನಲ್ಲೇ ಮಾಡಿ ತೋರಿಸಿದರೆ ಇನ್ನೂ ಒಳ್ಳೆಯದು.

ಚಿತ್ರಗಳ ಹೆಸರು ಹಿಡಿದು ನಿಷೇಧದ ಪಟ್ಟಿ ಮಾಡಬೇಡಿ. ಪಟ್ಟಿ ಬೇಗ ಹಳತಾಗುತ್ತದೆ, ಅದರಲ್ಲಿರುವ ಚಿತ್ರಗಳ ಮೇಲೆ ಮಕ್ಕಳ ಕುತೂಹಲ ಕೆರಳುತ್ತದೆ. ಅದಕ್ಕಿಂತ ಗಂಭೀರವಾದ ಕಾರಣವೆಂದರೆ, ಸರ್ಕಾರಿ ಶಾಲೆ ಎಲ್ಲ ಧರ್ಮದ, ಎಲ್ಲ ನಂಬಿಕೆಯ ಮನೆಗಳಿಗೂ ಸೇರಿದ್ದು. ಚಿತ್ರವೊಂದರ ವಿಚಾರ, ವೇಷಭೂಷಣ, ಪ್ರೇಮಕಥೆ ಸರಿಯೇ ತಪ್ಪೇ ಎಂದು ಅದು ಹೇಳತೊಡಗಿದರೆ ಯಾವುದೋ ಒಂದು ಗುಂಪಿನ ರುಚಿಗೆ ಸರ್ಕಾರದ ಮುದ್ರೆ ಒತ್ತಿದಂತಾಗುತ್ತದೆ. “ನಿನ್ನೆ ಮನೆಯಲ್ಲಿ ಏನು ನೋಡಿದಿರಿ?” ಎಂದು ತರಗತಿಯಲ್ಲಿ ಮಕ್ಕಳನ್ನು ಎಬ್ಬಿಸಿ ಕೇಳಿ, ಆ ಉತ್ತರದಿಂದ ಮನೆಯವರನ್ನು ಅಳೆಯುವುದಂತೂ ಸಲ್ಲದು. ಮಗು ತನ್ನ ತಂದೆತಾಯಿಯ ವಿರುದ್ಧ ಸಾಕ್ಷಿ ಹೇಳುವ ಸ್ಥಿತಿಗೆ ಬರಬಾರದು. ತಾನಾಗಿ ಹೇಳಿಕೊಂಡರೆ ಕಿವಿಗೊಟ್ಟು ಕೇಳಿ, ಅಷ್ಟೇ.

ಒಂದು ಮಗುವಿನಲ್ಲಿ ಮಾತ್ರ ತೊಂದರೆ ಕಂಡಾಗ ಎಲ್ಲರಿಗೂ ಪತ್ರ ಕಳುಹಿಸುವ ಅಗತ್ಯವಿಲ್ಲ. ಆ ಮಗುವಿನ ಪೋಷಕರನ್ನು ಬೇರೆಯವರು ಕೇಳಿಸಿಕೊಳ್ಳದ ಕಡೆ ಭೇಟಿಯಾಗಿ, ಮೊದಲು ಕಂಡದ್ದನ್ನು ಹೇಳಿ, ಆಮೇಲೆ ಅವರಿಗೇನನ್ನಿಸುತ್ತದೆಂದು ಕೇಳಿ. ಕಾರಣ ಸಿನಿಮಾ ಅಲ್ಲದೆಯೂ ಇರಬಹುದು. ನಿದ್ದೆ ಕೆಡುವುದಕ್ಕೆ, ಹೊಡೆಯುವುದಕ್ಕೆ, ಮೌನವಾಗುವುದಕ್ಕೆ ಬೇರೆ ಹಲವು ಕಾರಣಗಳಿವೆ. ಮಗುವಿನ ಮೇಲೆ ದೌರ್ಜನ್ಯವಾಗಿರುವ ಸಂಶಯ ಬಂದರೆ, ಅಥವಾ ದೊಡ್ಡವರ್ಯಾರೋ ಬೇಕೆಂದೇ ಅದಕ್ಕೆ ಅಶ್ಲೀಲ ಚಿತ್ರ ತೋರಿಸಿದ್ದಾರೆಂದು ತಿಳಿದರೆ, ಅದು ಸಲಹೆಯ ವ್ಯಾಪ್ತಿಯನ್ನು ಮೀರಿದ ವಿಷಯ. ಅಲ್ಲಿ ಮಕ್ಕಳ ರಕ್ಷಣೆಯ ಕಾನೂನು ಹೇಳುವ ಕ್ರಮವನ್ನೇ, ತಡಮಾಡದೆ, ಅನುಸರಿಸಬೇಕು.

“ನಮ್ಮ ಮನೆಯ ವಿಷಯಕ್ಕೆ ನೀವೇಕೆ ಬರುತ್ತೀರಿ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆ ನ್ಯಾಯವಾದದ್ದೇ. ವಾದಕ್ಕಿಳಿಯದೆ, ಶಾಲೆಯಲ್ಲಿ ಏನು ಕಂಡಿತು, ಅದನ್ನು ಏಕೆ ತಿಳಿಸಲಾಯಿತು ಎಂಬುದನ್ನಷ್ಟೇ ಹೇಳಿ, ಅವರ ಆಕ್ಷೇಪವನ್ನು ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ, ರಜೆ ಆರಂಭವಾಗುವ ಮುನ್ನ, ಆ ಆಕ್ಷೇಪಗಳನ್ನು ಎದುರಿಗಿಟ್ಟುಕೊಂಡು ಇಬ್ಬರು ಪೋಷಕರ ಜೊತೆ ಪತ್ರವನ್ನು ಮತ್ತೆ ಓದಿ, ಅವರಿಗೆ ಅಪ್ಪಣೆಯಂತೆ ಕೇಳಿಸಿದ ಸಾಲುಗಳನ್ನು ತೆಗೆದುಹಾಕಿದ ಮೇಲೆಯೇ ಹೊಸ ಪ್ರತಿಯನ್ನು ಕಳುಹಿಸಿ.