ಹೊಸ ಪ್ರಾಧ್ಯಾಪಕರಿಗೆ ಮಾರ್ಗದರ್ಶನ ಮಾಡುವ ಬಗೆ

ಬೆಂಗಳೂರಿನ ಸಂಶೋಧನಾ ಸಂಸ್ಥೆಗೋ ವಿಶ್ವವಿದ್ಯಾಲಯದ ವಿಭಾಗಕ್ಕೋ ಹೊಸದಾಗಿ ಸೇರಿದ ಸಹಾಯಕ ಪ್ರಾಧ್ಯಾಪಕರೊಬ್ಬರಿಗೆ ಮಾರ್ಗದರ್ಶನ ನೀಡುವ ಹೊಣೆ ನಿಮಗೆ ಬಂದಿದ್ದರೆ, ಅವರೊಂದಿಗೆ ಮಾತಿಗೆ ಕೂರುವ ಮೊದಲು, ಇಷ್ಟು ವರ್ಷ ನಿಮ್ಮನ್ನು ವಿಜ್ಞಾನದಲ್ಲಿ ಹಿಡಿದಿಟ್ಟದ್ದು ಏನೆಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಕೆಲವರಿಗೆ ಅದು ಬಿಡದೆ ಕಾಡುವ ಒಂದು ಪ್ರಶ್ನೆ, ಕೆಲವರಿಗೆ ಉಪಕರಣ ಕಟ್ಟುವ ಸಂತೋಷ, ಇನ್ನು ಕೆಲವರಿಗೆ ಮನ್ನಣೆ. ಇವುಗಳಲ್ಲಿ ಯಾವುದೂ ಕೀಳಲ್ಲ. ಆದರೆ ಮನ್ನಣೆಗಾಗಿ ದುಡಿದವರು ಕಿರಿಯರನ್ನು ಪ್ರಬಂಧಗಳ ಸಂಖ್ಯೆಯಿಂದಲೇ ಅಳೆಯುತ್ತಾರೆ, ಪ್ರಶ್ನೆಯ ಬೆನ್ನು ಹತ್ತಿದವರು ತಮ್ಮ ಪ್ರಶ್ನೆಯನ್ನೇ ಅವರ ಕೈಗಿಡುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅದು ಔದಾರ್ಯದಂತೆ ಕಾಣುತ್ತದೆ.

ಬಳಿಕ ಕಿರಿಯರ ಪ್ರೇರಣೆಯನ್ನು ಕೇಳಿ ತಿಳಿಯಿರಿ. ನಿಮ್ಮ ಗುರಿಯೇನು ಎಂದರೆ ಸಂದರ್ಶನಕ್ಕೆ ಸಿದ್ಧಪಡಿಸಿದ ಉತ್ತರವೇ ಬರುತ್ತದೆ. ಅನುದಾನ ತಿರಸ್ಕೃತವಾದರೂ ಕೈಬಿಡಲು ಮನಸ್ಸಾಗದ ಪ್ರಯೋಗ ಯಾವುದು ಎಂದು ಕೇಳಿ, ಮೊದಲ ಪ್ರಸ್ತಾವನೆಯನ್ನು ಅದರ ಸುತ್ತಲೇ ಕಟ್ಟಲು ನೆರವಾಗಿ. ಇಂಗ್ಲಿಷಿನ ಸಭೆಗಳಲ್ಲಿ ಮೌನವಾಗಿರುವ ಕನ್ನಡಿಗರೊಂದಿಗೆ ಈ ಮಾತುಕತೆ ಕನ್ನಡದಲ್ಲೇ ನಡೆಯಲಿ. ಅನುಮಾನಗಳು ಹೊರಬರುವುದು ಆಗಲೇ.

ವಿಜ್ಞಾನಿ ಜಿ. ಎನ್. ರಾಮಚಂದ್ರನ್ 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದದ್ದು ವಿದ್ಯುತ್ ಎಂಜಿನಿಯರಿಂಗ್ ಓದಲು. ಅಲ್ಲಿಂದ ಅವರು ಸಿ. ವಿ. ರಾಮನ್ ಅವರ ಬಳಿ ಭೌತವಿಜ್ಞಾನಕ್ಕೆ ಬದಲಾದರು. ಆದರೂ ಅವರಿಗೆ ಜಗತ್ತಿನಲ್ಲಿ ಹೆಸರು ತಂದದ್ದು ಗುರುಗಳ ದ್ಯುತಿವಿಜ್ಞಾನವಲ್ಲ, ಮುಂದೆ ಮದರಾಸಿನಲ್ಲಿ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಮತ್ತು ಇತರ ಪ್ರೋಟೀನುಗಳ ರಚನೆಯ ಮೇಲೆ ಅವರು ನಡೆಸಿದ ಕೆಲಸ. ಆದ್ದರಿಂದ ಕಿರಿಯರು ನಿಮ್ಮ ವಿಷಯದಿಂದ ದೂರ ಸರಿಯುತ್ತಿರುವುದು ಕಂಡರೆ ತಡೆಯಬೇಡಿ. ಆ ಹೊಸ ವಿಷಯ ಬಲ್ಲವರನ್ನು ಪರಿಚಯಿಸಿಕೊಡಿ.

ಕಾಗದಪತ್ರಗಳ ವಿಚಾರದಲ್ಲಿ ಮಾತ್ರ ಹೀಗೆ ಸಡಿಲ ಬಿಡುವಂತಿಲ್ಲ. ಅದೇ ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ರೋಹಿತವನ್ನು ಅಧ್ಯಯನ ಮಾಡಿ, ತಮ್ಮೊಬ್ಬರ ಹೆಸರಿನಲ್ಲೇ ಹಲವು ಪ್ರಬಂಧಗಳನ್ನು ಪ್ರಕಟಿಸಿದ್ದ ಭೌತವಿಜ್ಞಾನಿ ಅಣ್ಣಾ ಮಣಿ 1945ರಲ್ಲಿ ಮಹಾಪ್ರಬಂಧ ಸಲ್ಲಿಸಿದರು. ಆದರೆ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದರಾಸು ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಇಂದಿಗೂ ವಿಶ್ವವಿದ್ಯಾಲಯದ ನಿಯಮಾವಳಿ, ಅನುದಾನದ ವಯೋಮಿತಿ, ಖರೀದಿಯ ಟೆಂಡರ್ ಕ್ರಮ, ವಿದ್ಯಾರ್ಥಿಗಳ ನೋಂದಣಿಯ ಗಡುವು ಇವೆಲ್ಲ ಹೊಸಬರಿಗೆ ಯಾರೂ ಹೇಳಿಕೊಡದ ಸಂಗತಿಗಳು. ಮೊದಲ ತಿಂಗಳಲ್ಲೇ ಒಟ್ಟಿಗೆ ಕುಳಿತು ಇವನ್ನು ಓದಿ, ದಿನಾಂಕಗಳನ್ನು ಬರೆದಿಡಿ.

ಭೇಟಿಗೆ ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಸಾಕು. ಅನುದಾನದ ಕರಡು ಬಂದರೆ ಗಡುವಿಗೆ ಎರಡು ವಾರ ಮೊದಲೇ ಓದಿ ಹಿಂತಿರುಗಿಸಿ. ಕೊನೆಯ ದಿನದ ಟಿಪ್ಪಣಿಯಿಂದ ಯಾರಿಗೂ ಉಪಯೋಗವಿಲ್ಲ. ಅರ್ಜಿ ತಿರಸ್ಕೃತವಾದಾಗ ಸಾಂತ್ವನದ ಜೊತೆಗೆ ಪರಿಶೀಲಕರ ಒಂದೊಂದು ಆಕ್ಷೇಪವನ್ನೂ ಸಾಲು ಸಾಲಾಗಿ ಚರ್ಚಿಸಿ.

ಲೇಖಕರ ಹೆಸರುಗಳ ಪ್ರಶ್ನೆಯನ್ನು ಕೆಲಸ ಆರಂಭವಾಗುವ ಮುನ್ನವೇ ಬರಹದಲ್ಲಿ ಇತ್ಯರ್ಥಪಡಿಸಿಕೊಳ್ಳಿ. ಸಲಹೆ ಕೊಟ್ಟ ಮಾತ್ರಕ್ಕೆ ನಿಮ್ಮ ಹೆಸರು ಪ್ರಬಂಧದಲ್ಲಿ ಸೇರಬೇಕಿಲ್ಲ. ಅವರಾಗಿ ಸೇರಿಸಲು ಬಂದರೂ ಬೇಡವೆನ್ನಿ, ಏಕೆಂದರೆ ಸ್ವತಂತ್ರವಾಗಿ ಕೆಲಸ ಮಾಡಿದ್ದಾರೆಯೇ ಎಂಬುದನ್ನು ಬಡ್ತಿಯ ಸಮಿತಿ ಅಳೆಯುವುದು ಆ ಪಟ್ಟಿಯನ್ನು ನೋಡಿಯೇ.